ಅಜ್ಜ ಅಜ್ಜಿಯರ ಶರತ್ಕಾಲ



ಋತುಗಳು ಆರೆಂದು ನಮ್ಮ ಪಂಚಾಂಗವು ಹೇಳುವುದಷ್ಟೆ. ಅವುಗಳಲ್ಲಿ ವಸಂತವು ತರುಣರಿಗೆ ಸೇರಿದುದೆಂದು ಕವಿಗಳು ಬಹುಕಾಲದ ಹಿಂದೆಯೇ ತೀರ್ಪು ಕೊಟ್ಟುಬಿಟ್ಟಿದ್ದಾರೆ. ಆ ತೀರ್ಪಿನ ಮೇಲೆ ಅಪೀಲು ಹೋಗುವ ಉದ್ದೇಶ ನಮಗಿಲ್ಲ. ಆದರೆ ಆಶ್ವಯುಜ ಕಾರ್ತಿಕಗಳ ಶರದೃತುವು ಯಾರ ಪಾಲಿನದೆಂದು ಕೇಳಿದರೆ, ಅಜ್ಜ ಅಜ್ಜಿಯರದೆಂದು ನಾವು ಹಿಂಜರಿಯದೆ ಹೇಳುವೆವು. ಶಾಲೆಗಳಿಗೆ ದಸರೆಯ ರಜ ಬರುವುದು ಆಗಲೇ. ಬೇಸಗೆಯ ರಜದಲ್ಲಿ ಮಕ್ಕಳಿಗೆ ಈಜು, ಚಿತ್ರಲೇಖನ, ಶಿಬಿರ ಎಂದು ಹತ್ತು ಕಡೆಯ ಕರೆ. ದಸರೆಯ ಎರಡು ವಾರಗಳ ಮೇಲೆ ಇನ್ನೂ ಯಾರೂ ಅಷ್ಟಾಗಿ ಕೈಯಿಟ್ಟಿಲ್ಲ. ಆದುದರಿಂದ ಅವು ನಮ್ಮ ಪಾಲಿಗೆ ಉಳಿದಿವೆ.

ಶರತ್ಕಾಲವೆಂದೊಡನೆ ಸಂಸ್ಕೃತ ಕಾವ್ಯವನ್ನೋದಿದವರ ಕಣ್ಣಿಗೆ ನಿರ್ಮಲವಾದ ಆಕಾಶ, ತಿಳಿಯಾದ ಕೊಳ, ಹಂಸ, ಇವು ಕಟ್ಟುವುವು. ಮೈಸೂರಿನವರಾದ ನಾವು ಈ ಚಿತ್ರವನ್ನು ಕೊಂಚ ತಿದ್ದಿಕೊಳ್ಳಬೇಕಾಗಿದೆ. ಅಕ್ಟೋಬರ್ ನಮಗೆ ಹೆಚ್ಚು ಮಳೆ ಬೀಳುವ ತಿಂಗಳುಗಳಲ್ಲೊಂದು. ನೈಋತ್ಯದ ಮುಂಗಾರು ಹಿಂದೆ ಸರಿದು ಈಶಾನ್ಯದ ಹಿಂಗಾರು ತಲೆದೋರುವ ಸಂಧಿಕಾಲವಾದುದರಿಂದ ಬೆಳಗ್ಗೆ ಕಾವ್ಯದಲ್ಲಿರುವಂತೆಯೇ ತಿಳಿಯಾದ ಬಿಸಿಲು, ಮಧ್ಯಾಹ್ನ ಚಾಮುಂಡಿಬೆಟ್ಟದ ಹಿಂದೆ ಮೋಡ, ಸಂಜೆಗೆ ಗುಡುಗು. ಹಸ್ತ, ಚಿತ್ತೆ, ಸ್ವಾತಿ ಎಂದು ರೈತರು ಲೆಕ್ಕವಿಡುವ ಮಳೆಗಳು ಇವೇ. ಕೊಡೆ ಹಿಡಿದು ಜಂಬೂಸವಾರಿಯನ್ನು ನೋಡಿದ ವರ್ಷಗಳು ಬೇಕಾದಷ್ಟುಂಟು. 2020ರಲ್ಲಿಯೂ 2021ರಲ್ಲಿಯೂ ಸೋಂಕಿನ ದೆಸೆಯಿಂದ ಸವಾರಿಯು ಅರಮನೆಯ ಆವರಣವನ್ನು ದಾಟಲೇ ಇಲ್ಲ. ಆ ಎರಡು ದಸರೆಗಳಲ್ಲಿ ಮೊಮ್ಮಕ್ಕಳೂ ನಮ್ಮ ಹೊಸ್ತಿಲನ್ನು ದಾಟಲಿಲ್ಲ. ಅಂದಿನಿಂದ ನಾವು ರಜದ ದಿನಗಳನ್ನು ಎಣಿಸುವ ರೀತಿಯೇ ಬೇರೆಯಾಯಿತು.

ನಮ್ಮ ಮನೆ ಇರುವುದು ಒಂಟಿಕೊಪ್ಪಲಿನಲ್ಲಿ. ಇದೇ ಬಡಾವಣೆಯಲ್ಲಿ, 1935ರಲ್ಲಿ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಗಳು ತಮ್ಮ ಸ್ವಂತ ಮನೆಯಲ್ಲಿ ಪುಟ್ಟ ಯಂತ್ರವೊಂದನ್ನಿಟ್ಟು 'ಆಕಾಶವಾಣಿ'ಯನ್ನು ಆರಂಭಿಸಿದರೆಂಬುದನ್ನು ಈ ಮಾತುಗಳನ್ನು ಕೇಳುತ್ತಿರುವವರಿಗೆ ಜ್ಞಾಪಿಸುವುದು ಅಪ್ರಕೃತವಾಗಲಾರದು. ನಮ್ಮದು ಹೆಂಚಿನ ಮನೆ. ಹಿಂದೆ ಒಂದು ಬಾವಿ, ಎರಡು ತೆಂಗು, ಒಂದು ನೆಲ್ಲಿ, ಮುಂದುಗಡೆ ಪಾರಿಜಾತ. ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠ ಹೇಳಿ ನಿವೃತ್ತರಾದ ನಮಗೆ ಈ ಹಿತ್ತಲೇ ಈಗ ಪ್ರಯೋಗಶಾಲೆ. ನಮ್ಮ ಮನೆಯವರ ಅಭಿಪ್ರಾಯದಲ್ಲಿ ಅದು ಪ್ರಯೋಗಶಾಲೆಯೂ ಅಲ್ಲ, ತೋಟವೂ ಅಲ್ಲ. ಅಡಿಗೆಗೆ ಕರಿಬೇವು ಕೇಳಿದರೆ ಉಪನ್ಯಾಸ ದೊರೆಯುವ ಸ್ಥಳ.

ಕಳೆದ ಶರತ್ತಿನಲ್ಲಿ ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು, ಐದು ವರ್ಷದ ಮೊಮ್ಮಗ, ಇಷ್ಟು ಮಂದಿ ಬೆಂಗಳೂರಿನಿಂದ ಬಂದಿಳಿದರು. ಅವರೊಡನೆ ಒಂದು ಪ್ರಶ್ನೆಯೂ ಬಂದಿಳಿಯಿತೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಶ್ರಾವಣದಲ್ಲಿ ನಮ್ಮ ಮನೆಯವರು ಬಚ್ಚಲಿನಲ್ಲಿ ಜಾರಿ ಬಿದ್ದರು. ನಾವು ಹಿತ್ತಲಿನಲ್ಲಿದ್ದೆವು, ಬಾವಿಯ ಪಂಪು ಓಡುತ್ತಿದ್ದಿತು, ಅವರು ಕೂಗಿದುದು ಪಕ್ಕದ ಮನೆಯವರಿಗೆ ಕೇಳಿಸಿತು, ನಮಗೆ ಕೇಳಿಸಲಿಲ್ಲ. ಮೂಳೆ ಮುರಿಯಲಿಲ್ಲವೆಂಬುದೇ ಪುಣ್ಯ. ಆದರೆ ಈ ಸಂಗತಿಯನ್ನು ತಿಳಿದ ಮಗನು ಅಂದಿನಿಂದ ರಾತ್ರಿ ಹತ್ತು ಗಂಟೆಗೊಮ್ಮೆ, ಬೆಳಗ್ಗೆ ಆರು ಗಂಟೆಗೊಮ್ಮೆ ಟೆಲಿಫೋನು ಮಾಡತೊಡಗಿದನು. ಪ್ರಶ್ನೆಯನ್ನು ಮಾತ್ರ ಟೆಲಿಫೋನಿನಲ್ಲಿ ಕೇಳಲಿಲ್ಲ.

ಮೊದಲು ಗೊಂಬೆಗಳ ವಿಷಯ. ಪಾಡ್ಯದ ದಿನ ಪಟ್ಟದ ಗೊಂಬೆಗಳನ್ನು ಕೂರಿಸುವುದು ಮೈಸೂರು ಸೀಮೆಯ ಮನೆಗಳಲ್ಲಿ ಹಳೆಯ ರೂಢಿ. ರಕ್ತಚಂದನದ ರಾಜ ರಾಣಿಯರ ಈ ಜೋಡಿಯನ್ನು ತಾಯಿಯು ಮಗಳಿಗೆ ಮದುವೆಯಲ್ಲಿ ಕೊಟ್ಟು ಕಳುಹಿಸುವಳು. ಪ್ರತಿ ವರ್ಷ ಹೊಸ ಜರತಾರಿಯ ಬಟ್ಟೆ ಉಡಿಸುವರು. ಮೆಟ್ಟಿಲುಗಳು ಬೆಸಸಂಖ್ಯೆಯಲ್ಲಿರಬೇಕು. ನಮ್ಮ ಮನೆಯಲ್ಲಿ ಒಂಬತ್ತು ಮೆಟ್ಟಿಲುಗಳು ಇದ್ದ ಕಾಲವುಂಟು. ಮಂಡಿನೋವು ಹೆಚ್ಚಿದಂತೆ ಅವು ಏಳಾದುವು. ಕಳೆದ ಸಲ ಐದು. ಚನ್ನಪಟ್ಟಣದ ಹಾಲೆಮರದ ಅರಗಿನ ಗೊಂಬೆಗಳು, ಮಣ್ಣಿನ ಸೆಟ್ಟಿ ದಂಪತಿಗಳು, ಅಕ್ಕಿ ಬೇಳೆಯ ಅಂಗಡಿ, ಇವೆಲ್ಲ ಐದರಲ್ಲಿಯೇ ಇಕ್ಕಟ್ಟಾಗಿ ಕುಳಿತುವು. ಮೊಮ್ಮಗನು ತನ್ನ ಎರಡು ರೈಲುಬಂಡಿಗಳನ್ನೂ ಸೇರಿಸಿದನು. ಅಜ್ಜಿಯು ಅವಕ್ಕೂ ಕುಂಕುಮವಿಟ್ಟರು. ಸಂಜೆ ಬೊಂಬೆ ಬಾಗಿನಕ್ಕೆ ಬಂದ ನೆರೆಮನೆಯ ಮಕ್ಕಳ ಸಂಖ್ಯೆಯು ಹಿಂದಿನಷ್ಟಿಲ್ಲ. ನಮ್ಮ ಬೀದಿಯಲ್ಲಿ ಈಗ ಮನೆಗಳಿಗಿಂತ ಮುದುಕರೇ ಹೆಚ್ಚೆಂದು ಸೊಸೆಯು ನಗುತ್ತ ಹೇಳಿದಳು. ಎಣಿಸಿ ನೋಡಿದರೆ ಸುಳ್ಳಲ್ಲ.

ಸವಾರಿಯ ದಿನ ಮೊಮ್ಮಗಳು, ಅಂಬಾರಿಯಲ್ಲಿ ಮಹಾರಾಜರು ಏಕಿಲ್ಲವೆಂದು ಕೇಳಿದಳು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಈ ಉತ್ಸವವನ್ನು ಆರಂಭಿಸಿದುದು ಮೊದಲುಗೊಂಡು, ನಮ್ಮ ಬಾಲ್ಯದಲ್ಲಿ ಜಯಚಾಮರಾಜ ಒಡೆಯರು ಆನೆಯ ಮೇಲೆ ಕುಳಿತು ಬಂದುದನ್ನು ಕಣ್ಣಾರೆ ನೋಡಿದವರೆಗೆ ಎಲ್ಲವನ್ನೂ ಹೇಳಿದೆವು. ಈಗ ಅಲ್ಲಿ ಬಿಜಯಮಾಡುವುದು ಚಾಮುಂಡೇಶ್ವರಿ. "ಹಾಗಾದ್ರೆ ಜಾಗ ಖಾಲಿ ಬಿಡ್ಲಿಲ್ಲ," ಎಂದಷ್ಟು ಹೇಳಿ ಅವಳು ಆನೆಯನ್ನು ನೋಡುವುದಕ್ಕೆ ತಿರುಗಿದಳು.

ತುಲಾಸಂಕ್ರಮಣವು ಅಕ್ಟೋಬರ್ 17ರ ಸುಮಾರಿಗೆ ಬರುವುದು. ಅಂದು ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥೋದ್ಭವ. ಆ ನೂಕುನುಗ್ಗಲು ನಮ್ಮ ಮನೆಯವರ ಕಾಲಿಗೆ ಒಗ್ಗದೆಂದು ಮಾರನೆಯ ದಿನ ಕಾರಿನಲ್ಲಿ ಹೊರಟೆವು: ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ, ಭಾಗಮಂಡಲ. ಕೊಡಗಿಗೆ ಇಂದಿಗೂ ರೈಲಿಲ್ಲ; ಇದನ್ನು ಕೊರತೆಯೆನ್ನುವವರೂ ಉಂಟು, ಭಾಗ್ಯವೆನ್ನುವವರೂ ಉಂಟು. ಅಂದು ಕೊಡವರ ಮನೆಗಳಲ್ಲಿ ಕಣಿಪೂಜೆ: ಸೌತೆಕಾಯಿಯನ್ನೋ ತೆಂಗಿನಕಾಯಿಯನ್ನೋ ಕೆಂಪು ವಸ್ತ್ರದಿಂದಲೂ ಒಡವೆಗಳಿಂದಲೂ ಸಿಂಗರಿಸಿ ಕಾವೇರಮ್ಮನೆಂದು ಪೂಜಿಸುವರು.

ಪ್ರಶ್ನೆಯು ಪಿರಿಯಾಪಟ್ಟಣವನ್ನು ದಾಟಿದ ಮೇಲೆ ಬಂದಿತು. ಮಕ್ಕಳಿಬ್ಬರೂ ನಿದ್ದೆಹೋಗಿದ್ದರು. "ಅಪ್ಪ, ಮನೆ ಮಾರಿ ಅಂತ ನಾನು ಹೇಳ್ತಾ ಇಲ್ಲ. ಬಾಗಿಲು ಹಾಕಿಕೊಂಡು ಬನ್ನಿ ಅಂತ ಮಾತ್ರ ಕೇಳ್ತಾ ಇದ್ದೀನಿ," ಎಂದು ಮಗನು ರಸ್ತೆಯಿಂದ ಕಣ್ಣು ಕೀಳದೆ ಹೇಳಿದನು. ಬಾಗಿಲು ಹಾಕಿದ ಮನೆಯ ತೋಟ ಏನಾಗುವುದೆಂದು ನಾವು ವಿವರಿಸಹೊರಟೆವು. ಅವನು ನಡುವೆ ಬಾಯಿಹಾಕಲಿಲ್ಲ. ಮುಗಿದ ಮೇಲೆ, "ರಾತ್ರಿ ಫೋನು ಹೊಡೆದರೆ ನನ್ನ ಎದೆ ಏನಾಗುತ್ತೆ ಅಂತ ನಿಮಗೆ ಗೊತ್ತಿಲ್ಲ," ಎಂದನು. ಇಂಥ ಮಾತಿಗೆ ಸಸ್ಯಶಾಸ್ತ್ರದಲ್ಲಿ ಉತ್ತರವಿಲ್ಲ. ನಮ್ಮ ಮನೆಯವರು ಮಾತ್ರ, ಬೆಂಗಳೂರಿನಲ್ಲಿ 2024ರ ಬೇಸಗೆಯಲ್ಲಿ ನೀರಿನ ಟ್ಯಾಂಕರಿನ ದಾರಿ ಕಾದುದನ್ನು ಪ್ರಸ್ತಾಪಿಸಿ, ಬಾವಿಯಿರುವ ಮನೆಯವರನ್ನು ಅಲ್ಲಿಗೆ ಕರೆಯುವ ಧೈರ್ಯ ಚೆನ್ನಾಗಿದೆಯೆಂದರು. ಎಲ್ಲರೂ ನಕ್ಕರು. ಪ್ರಶ್ನೆಯು ಇದ್ದಲ್ಲಿಯೇ ಇದ್ದಿತು.

ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ, ಇವು ಕೂಡುವ ಭಾಗಮಂಡಲದಲ್ಲಿ ಕಾಲು ತೊಳೆದು ಬೆಟ್ಟವನ್ನೇರಿದೆವು. 2020ರ ಆಗಸ್ಟ್ ತಿಂಗಳಿನಲ್ಲಿ ಬ್ರಹ್ಮಗಿರಿಯ ಪಾರ್ಶ್ವವು ಕುಸಿದು ಕ್ಷೇತ್ರದ ಅರ್ಚಕರ ಸಂಸಾರವು ಮಣ್ಣಿನಡಿಗೆ ಸೇರಿದುದನ್ನು ಶ್ರೋತೃಗಳು ಮರೆತಿರಲಾರರು. ಹಸಿರು ಎಷ್ಟು ಬೇಗ ಗಾಯವನ್ನು ಮುಚ್ಚಿದರೂ ಆ ದಾರಿಯಲ್ಲಿ ಹೋಗುವವರು ಒಂದು ಕ್ಷಣ ಮಾತು ನಿಲ್ಲಿಸುವರು.

ಕುಂಡಿಕೆಯನ್ನು ಕಂಡು ಮೊಮ್ಮಗಳಿಗೆ ಆಶಾಭಂಗವಾಯಿತು. "ಇಷ್ಟೇನಾ ತಾತ?" ಎಂದಳು. ಇಷ್ಟೇ. ಇಲ್ಲಿಂದ ಹೊರಟ ನೀರು ಸುಮಾರು 800 ಕಿಲೋಮೀಟರು ಹರಿದು ಪೂಂಪುಹಾರಿನ ಬಳಿ ಸಮುದ್ರವನ್ನು ಸೇರುವುದು. ನಡುವೆ ಹೇಮಾವತಿ, ಲಕ್ಷ್ಮಣತೀರ್ಥ, ಕಪಿಲೆ, ಅರ್ಕಾವತಿಗಳು ಬಂದು ಸೇರುವುವು. ಕನ್ನಂಬಾಡಿಯಲ್ಲಿ ನಿಂತು ಮಂಡ್ಯದ ಗದ್ದೆಗಳಿಗೆ ಹೋಗುವುದು. ಬೆಂಗಳೂರಿಗಾದರೋ 1974ರಿಂದ ಈ ನದಿಯ ನೀರನ್ನು ಸುಮಾರು 100 ಕಿಲೋಮೀಟರು ದೂರದಿಂದ ಯಂತ್ರಗಳ ಮೂಲಕ ಮೇಲಕ್ಕೆತ್ತಿ ಒಯ್ಯುತ್ತಿದ್ದಾರೆ. "ನಮ್ಮನೆ ನಲ್ಲಿಗೂ ಇದೇನಾ?" ಎಂದು ಕೇಳಿ, ಹೌದೆಂದ ಮೇಲೆ ಅವಳು ಮತ್ತೊಮ್ಮೆ ಹೋಗಿ ಕುಂಡಿಕೆಯನ್ನು ನೋಡಿ ಬಂದಳು. ಮೊಮ್ಮಗನಿಗೆ ಈ ವಿಷಯದಲ್ಲಿ ಆಸಕ್ತಿಯಿರಲಿಲ್ಲ. ಅವನು ಹಿಂದಿನ ಸಂಜೆಯಿಂದಲೇ ಮಡಿಕೇರಿಯ ಕಿತ್ತಳೆಯ ಮೇಲೆ ಕಣ್ಣಿಟ್ಟಿದ್ದನು.

ತೋಟದ ವಿಷಯವನ್ನು ಕೊನೆಗಿಟ್ಟುಕೊಂಡಿರುವುದು ಬೇಕೆಂದೇ. ಶರತ್ತಿನಲ್ಲಿ ಪಾರಿಜಾತವು ರಾತ್ರಿ ಅರಳಿ ಬೆಳಗಿನ ಜಾವಕ್ಕೆ ನೆಲಕ್ಕುದುರುವುದು. ಬೇರೆ ಹೂವಾದರೆ ನೆಲಕ್ಕೆ ಬಿದ್ದುದು ದೇವರಿಗೆ ಸಲ್ಲದು, ಇದಕ್ಕೆ ಮಾತ್ರ ಆ ದೋಷವಿಲ್ಲ. ಮಕ್ಕಳು ಹಾಸುಬಟ್ಟೆಯನ್ನು ಹಿಂದಿನ ರಾತ್ರಿಯೇ ಮರದಡಿ ಹರಡಿಡುವರು. ಚಪ್ಪರದ ಮೇಲೆ ಅವರೆ ಹಬ್ಬಿರುವುದು. ಆಷಾಢದಲ್ಲಿ ನಾಟಿಮಾಡಿದ ಸೇವಂತಿಗೆಯ ಗಿಡಗಳು ಕುಡಿ ಚಿವುಟಿಸಿಕೊಂಡು ಪೊದೆಯಾಗಿ ಮೊಗ್ಗು ಕಟ್ಟುವುವು. ನಮ್ಮ ಗಿಡಗಳಲ್ಲಿ ಒಂದು ಸಾಲು ಮಾತ್ರ, ಗೇಟಿನ ಪಕ್ಕದ್ದು, ಹಸುರಾಗಿ ಎತ್ತರ ಬೆಳೆದು ನಿಂತಿತ್ತು. ಮೊಗ್ಗಿನ ಸುಳಿವೇ ಇಲ್ಲ. ಒಂದೇ ತಾಯಿಗಿಡದ ಮರಿಗಳು, ಒಂದೇ ಗೊಬ್ಬರ. ಮೊಮ್ಮಗಳು ಸಾಲುಗಳನ್ನು ಎಣಿಸಿ ಈ ಭೇದವನ್ನು ತಂದು ನಮ್ಮ ಮುಂದಿಟ್ಟಳು.

ಕಾರಣವು ಬೀದಿಯಲ್ಲಿದ್ದಿತು. ಗೇಟಿನೆದುರಿನ ಕಂಬಕ್ಕೆ ಕಣ್ಣು ಕೋರೈಸುವ ಬಿಳಿಯ ದೀಪವೊಂದನ್ನು ಹೊಸದಾಗಿ ಹಾಕಿದ್ದರು. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬಿಬ್ಬರು ಹೊಗೆಸೊಪ್ಪು, ಸೋಯಾ ಅವರೆಗಳ ಮೇಲೆ ಪರೀಕ್ಷೆ ನಡೆಸಿ, ಗಿಡಗಳು ಹಗಲಿರುಳುಗಳ ಉದ್ದವನ್ನು ಅಳೆದು ಹೂ ಬಿಡುವುವೆಂದು 1920ರಲ್ಲಿ ಪ್ರಕಟಿಸಿದರು. ಸೇವಂತಿಗೆಯೂ ನಮ್ಮ ನಾಟಿ ಅವರೆಯೂ ಈ ಪಂಗಡಕ್ಕೆ ಸೇರಿದುವು: ಇರುಳು ನೀಳವಾದ ಹೊರತು ಮೊಗ್ಗಿಲ್ಲ. ಎಡೆಬಿಡದ ಕತ್ತಲೆ ಅವಕ್ಕೆ ಬೇಕು. ದೀಪ ಬಿದ್ದರೆ ಅವುಗಳ ಲೆಕ್ಕಕ್ಕೆ ಇನ್ನೂ ಬೇಸಗೆಯೇ. "ಪಾಪ, ದಸರಾ ಬಂದಿದ್ದೇ ಅದಕ್ಕೆ ಗೊತ್ತಾಗ್ಲಿಲ್ಲ," ಎಂದಳು ಮಗು. ಕತ್ತಲೆಯ ಅವಧಿಯನ್ನು ಹೆಚ್ಚಿಸಿ ಬೇಗ ಹೂ ಬಿಡಿಸುವುದಕ್ಕಾಗಿ ಬೆಳೆಗಾರರು ಸಂಜೆ ಕಪ್ಪು ಬಟ್ಟೆ ಹೊದಿಸುವುದೂ ಉಂಟೆಂದು ಹೇಳಿದೆವು. ಆ ರಾತ್ರಿ ಒಂದು ಹಳೆಯ ಕಂಬಳಿ ಕಾಣೆಯಾಯಿತು.

ಮಕ್ಕಳು ಹೊರಡುವ ದಿನ ಬೆಳಗ್ಗೆ ನಮ್ಮ ಮನೆಯವರು ಬಟ್ಟೆ ಸುತ್ತಿದ ಒಂದು ಮರದ ಪೆಟ್ಟಿಗೆಯನ್ನು ತಂದು ಸೊಸೆಯ ಕೈಗಿತ್ತರು. ಉಳಿದ ಗೊಂಬೆಗಳು ಅಟ್ಟವನ್ನು ಸೇರಿದ್ದುವು. ಪಟ್ಟದ ಗೊಂಬೆಗಳು ಸೇರಿರಲಿಲ್ಲವೆಂಬುದನ್ನು ನಾವು ಆಗ ಗಮನಿಸಿದೆವು. "ಮುಂದಿನ ವರ್ಷ ಅಲ್ಲೇ ಕೂರಿಸೋಣಮ್ಮ. ಮೂರು ಮೆಟ್ಟಿಲು ಸಾಕು," ಎಂದರು. ಸೊಸೆಯು, "ಅತ್ತೆ, ಒಂಬತ್ತೂ ಕಟ್ಟೋಣ, ಜಾಗ ಇದೆ," ಎಂದಳು. ನಮ್ಮನ್ನು ಯಾರೂ ಕೇಳಲಿಲ್ಲ. ಐವತ್ತು ವರ್ಷಗಳಿಗೆ ಸಮೀಪವಾದ ದಾಂಪತ್ಯದಲ್ಲಿ ದೊಡ್ಡ ತೀರ್ಮಾನಗಳು ಹೀಗೆಯೇ ಆಗಿವೆ. ಹಾಗೆ ಆದುವು ಕೆಟ್ಟುದೂ ಕಡಿಮೆ.

ಮಕ್ಕಳು ದೀಪಾವಳಿಗೆ ಎರಡು ದಿನ ಬಂದು ಹೋದರು. ನೀರು ತುಂಬುವ ಹಬ್ಬದಂದು ಹಂಡೆಗೆ ಹಾಗಲಬಳ್ಳಿ ಸುತ್ತಿದುದು, ಮಾರನೆಯ ದಿನದ ಅಭ್ಯಂಜನ, ಇವು ನಡೆದುವು. ಉತ್ಥಾನದ್ವಾದಶಿಗೆ ತುಳಸಿಯ ಪಕ್ಕದಲ್ಲಿ ನೆಲ್ಲಿಯ ಕೊಂಬೆಯನ್ನು ನೆಡುವಾಗ ನಾವಿಬ್ಬರೇ ಇದ್ದೆವು. ಸಂಕ್ರಾಂತಿಯ ಎಳ್ಳು ಬೀರಿ, ಅವರೆಯ ಕೊಯ್ಲು ಮುಗಿಸಿ, ಬಿತ್ತನೆಗೆ ಒಣಗಿಸಿದ ಕಾಳನ್ನು ಬೂದಿಯಲ್ಲಿ ಹೊರಳಿಸಿ ಕಟ್ಟಿಟ್ಟು ಹೊರಡುವುದೆಂದು ನಿಶ್ಚಯವಾಯಿತು. ಮನೆಯ ಮುಂಭಾಗಕ್ಕೆ ಬಾಡಿಗೆಯವರು ಬರುವರು. ತೋಟಕ್ಕೆ ನೀರು ಹಾಕುವುದು ಕರಾರಿನಲ್ಲಿಯೇ ಸೇರಿದೆ. ಬಾವಿಯ ಪಂಪನ್ನು ರಿಪೇರಿ ಮಾಡಿಸಿದ್ದೇವೆ.

ಬೆಂಗಳೂರಿನ ಮನೆಯಿರುವುದು ಏಳನೆಯ ಅಂತಸ್ತಿನಲ್ಲಿ. ಅದರ ಮೊಗಸಾಲೆಯಲ್ಲಿ ಆರು ಕುಂಡಗಳನ್ನಿಡುವಷ್ಟು ಸ್ಥಳವುಂಟೆಂದು ಮಗನು ಅಳತೆ ಮಾಡಿ ತಿಳಿಸಿದ್ದಾನೆ. ಗೇಟಿನ ಪಕ್ಕದ ಸಾಲಿನಿಂದಲೇ ಸೇವಂತಿಗೆಯ ಮರಿಗಳನ್ನು ತರಬೇಕೆಂದು ಮೊಮ್ಮಗಳ ಅಪ್ಪಣೆ. ಎದುರಿನ ಕಟ್ಟಡದಲ್ಲಿ ರಾತ್ರಿಯೆಲ್ಲ ದೀಪವುರಿಯುವುದೆಂದು ನಾವು ಎಚ್ಚರಿಕೆ ಹೇಳಿದುದಕ್ಕೆ ಅವಳು, ಹೊಸ ಶೀತಲಪೆಟ್ಟಿಗೆ ಬಂದ ರಟ್ಟಿನ ಡಬ್ಬವನ್ನು ಎಸೆಯದೆ ಇಟ್ಟಿರುವುದಾಗಿಯೂ, ಸಂಜೆ ಆರಕ್ಕೆ ಮುಚ್ಚುವ ಕೆಲಸ ತನ್ನದು, ಬೆಳಗ್ಗೆ ಎಂಟಕ್ಕೆ ತೆಗೆಯುವ ಕೆಲಸ ತಾತನದೆಂದೂ ತಿಳಿಸಿದ್ದಾಳೆ.