ಸಾಲ, ಸಿಟ್ಟು, ಸುಳ್ಳು: ಇವುಗಳ ನಡುವೆ ದೇವರ ಮಕ್ಕಳಾಗಿ ಬಾಳುವುದು

(ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ತಪಸ್ಸುಕಾಲದಲ್ಲಿ ಮಾಡಿದ ಭಾಷಣ)

ಪ್ರೀತಿಯ ತಾಯಂದಿರೇ, ಅಕ್ಕ ತಂಗಿಯರೇ,

ಬೆಳಗ್ಗೆ ಎದ್ದು ಹಾಲು ಕರೆದು ಡೇರಿಗೆ ಹಾಕಿ, ಮಕ್ಕಳಿಗೆ ಬುತ್ತಿ ಕಟ್ಟಿ, ಹುಳುವಿಗೆ ಸೊಪ್ಪು ಹಾಕಿ, ಆಮೇಲೆ ಬಸ್ಸು ಹಿಡಿದು ಇಲ್ಲಿಗೆ ಬಂದಿದ್ದೀರಿ. ಇಲ್ಲಿ ಕ್ರೈಸ್ತರಿದ್ದೀರಿ, ಹಿಂದೂ ಮತ್ತು ಮುಸ್ಲಿಂ ಸಹೋದರಿಯರೂ ಇದ್ದೀರಿ. ನಾನು ನನ್ನ ವಿಶ್ವಾಸದಿಂದ ಮಾತಾಡುತ್ತೇನೆ. ನಿಮಗೆ ಬೇಕಾದದ್ದನ್ನು ನೀವು ತೆಗೆದುಕೊಳ್ಳಿ.

ಕೆಲವು ದಿನಗಳ ಹಿಂದೆ ಒಂದು ಸಂಘದ ಸಭೆ ಮುಗಿದ ಮೇಲೆ ಒಬ್ಬ ತಾಯಿ ನನ್ನನ್ನು ನಿಲ್ಲಿಸಿ ಕೇಳಿದರು: "ಸಿಸ್ಟರ್, ನೀವು ಕಾನ್ವೆಂಟಿನಲ್ಲಿ ಇರ್ತೀರಿ, ನಿಮಗೆ ಭಕ್ತಿ ಸುಲಭ. ನಮ್ಮ ಮನೇಲಿ ಗಂಡ ಕುಡಿದು ಬರ್ತಾನೆ. ವಾರಕ್ಕೆ ಮೂರು ಕಂತು ಕಟ್ಟಬೇಕು. ಒಂದು ಕಂತಿಗೆ ಒಂದು ಸುಳ್ಳು ಹೇಳ್ಬೇಕು. ಇದರ ಮಧ್ಯೆ ಪಾಪ ಮಾಡದೆ ಬದುಕೋಕೆ ಆಗುತ್ತಾ?"

ಅವತ್ತು ನಾನು ಉತ್ತರ ಕೊಡಲಿಲ್ಲ. ಸುಮ್ಮನೆ ಅವರ ಕೈ ಹಿಡಿದುಕೊಂಡು ಬಂದುಬಿಟ್ಟೆ. ಇವತ್ತು ಉತ್ತರ ಕೊಡಲು ಪ್ರಯತ್ನ ಮಾಡುತ್ತೇನೆ.

ಮೊದಲು ನನ್ನ ತಪ್ಪು

ಕಾನ್ವೆಂಟಿನ ಗೋಡೆ ಪಾಪವನ್ನು ತಡೆಯುವುದಿಲ್ಲ ತಾಯಿ. ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಊರಿನ ಹೆಸರು ಬೇಡ. ಒಂದು ಸಂಘದ ಲೆಕ್ಕದಲ್ಲಿ 600 ರೂಪಾಯಿ ಕಡಿಮೆ ಬಂತು. ಬ್ಯಾಂಕಿಗೆ ಹಣ ಕಟ್ಟುತ್ತಿದ್ದ ಪ್ರತಿನಿಧಿಯನ್ನು ಎಲ್ಲರ ಮುಂದೆ ನಿಲ್ಲಿಸಿ, "ದುಡ್ಡು ಎಲ್ಲಿ ಹೋಯ್ತಮ್ಮಾ?" ಅಂತ ಕೇಳಿದೆ. ಆಕೆ ಒಂದು ಮಾತೂ ಆಡಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋದರು. ಮೂರು ವಾರ ಸಭೆಗೆ ಬರಲಿಲ್ಲ.

ಆಮೇಲೆ ಪಾಸ್ ಬುಕ್ಕಿನಲ್ಲಿ ಎಂಟ್ರಿ ಹಾಕಿಸಿದಾಗ ಗೊತ್ತಾಯಿತು. ಆಕೆ ಒಂದೇ ದಿನ ಎರಡು ಸಲ ಹಣ ಕಟ್ಟಿದ್ದರು. ಕೂಡುವಾಗ ಒಂದು ಸಾಲನ್ನು ಬಿಟ್ಟವಳು ನಾನು.

ನಾನು ಪಾಪನಿವೇದನೆಗೆ ಹೋದೆ. ಗುರುಗಳು ಎಲ್ಲ ಕೇಳಿ, "ಅವಮಾನ ಎಲ್ಲಿ ಮಾಡಿದಿರಿ ಸಿಸ್ಟರ್?" ಅಂದರು. "ಸಭೆಯಲ್ಲಿ" ಅಂದೆ. "ಹಾಗಾದರೆ ಕ್ಷಮೆಯನ್ನೂ ಸಭೆಯಲ್ಲೇ ಕೇಳಿ" ಅಂದರು. ನನಗೆ ಅದು ತುಂಬಾ ಕಷ್ಟವಾಯಿತು. ಮನೆಗೆ ಹೋಗಿ ಗುಟ್ಟಾಗಿ ಕೇಳಿದ್ದರೆ ಸುಲಭವಾಗುತ್ತಿತ್ತು. ಆದರೂ ಹೋದೆ, ಇಪ್ಪತ್ತು ಜನ ಹೆಂಗಸರ ಮುಂದೆ ಕೈಮುಗಿದು ಕೇಳಿದೆ. ಆಕೆ ಏನಂದರು ಗೊತ್ತೆ? "ನೀವು ಕೇಳಿದಿರಿ, ಸರಿ ಸಿಸ್ಟರ್. ಆದರೆ ಆ ಮೂರು ವಾರ ನನ್ನ ಮಗಳು ಸ್ಕೂಲಿಗೆ ಹೋಗಲಿಲ್ಲ. ನಿಮ್ಮಮ್ಮ ಕಳ್ಳಿ ಅಂದರಂತೆ."

ಪಾಪ ಅಂದರೆ ಏನು ಅಂತ ನಾನು ಪುಸ್ತಕದಲ್ಲಿ ಓದಿದ್ದೆ. ಅದು ಎಲ್ಲಿಯವರೆಗೆ ಹೋಗಿ ಮುಟ್ಟುತ್ತದೆ ಅಂತ ಅವತ್ತು ಕಲಿತೆ.

ಹುಳುಮನೆಯ ಪಾಠ

ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ರೇಷ್ಮೆ ಬಗ್ಗೆ ನಾನು ಹೇಳಬೇಕಾಗಿಲ್ಲ. ಒಂದು ಬೆಳೆ ಮುಗಿದು ಗೂಡು ಮಾರುಕಟ್ಟೆಗೆ ಹೋದ ಮೇಲೆ ಏನು ಮಾಡ್ತೀರಿ? ತಟ್ಟೆ, ಚಂದ್ರಿಕೆ ಎಲ್ಲ ತೊಳೆದು, ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿ ಹುಳುಮನೆ ಶುದ್ಧ ಮಾಡ್ತೀರಿ. ಹೋದ ಬೆಳೆ ಚೆನ್ನಾಗಿತ್ತು, ಈ ಸಲ ತೊಳೆಯೋದು ಬೇಡ ಅಂತ ಯಾರಾದರೂ ಬಿಡ್ತೀರಾ? ಬಿಡೋದಿಲ್ಲ. ಹಾಲುತೊಂಡೆ, ಸುಣ್ಣಕಟ್ಟು ಯಾವ ಮೂಲೆಯಲ್ಲಿ ಉಳಿದಿರುತ್ತೋ ಕಣ್ಣಿಗೆ ಕಾಣೋದಿಲ್ಲ. ಬೆಳೆಯ ನಡುವೆ ಒಂದು ಹುಳಕ್ಕೆ ರೋಗ ಕಂಡರೆ ಆಗಲೇ ಆರಿಸಿ ತೆಗೀತೀರಿ, ನಾಳೆ ನೋಡೋಣ ಅನ್ನೋದಿಲ್ಲ.

ಮನಸ್ಸಿಗೂ ಇದೇ ಕ್ರಮ. ತಪಸ್ಸುಕಾಲ, ಪಾಪನಿವೇದನೆ, ರಾತ್ರಿ ಮಲಗುವ ಮುಂಚೆ ದಿನವನ್ನು ಒಮ್ಮೆ ನೆನೆದು ನೋಡುವುದು, ಇವೆಲ್ಲ ಹುಳುಮನೆ ತೊಳೆಯುವ ಕೆಲಸವೇ. ನಾವು ಕೆಟ್ಟವರು ಅಂತ ಅಲ್ಲ, ಮುಂದಿನ ಬೆಳೆ ಚೆನ್ನಾಗಿ ಬರಲಿ ಅಂತ ತೊಳೆಯುತ್ತೇವೆ.

ಇನ್ನೊಂದು ಮಾತು. ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಜ್ವರಕ್ಕೆ ಕೂರುತ್ತೆ. ಆಗ ಸೊಪ್ಪು ತಿನ್ನೋದಿಲ್ಲ, ತಲೆ ಎತ್ತಿ ಸುಮ್ಮನೆ ಇರುತ್ತೆ. ತಿಳಿಯದವರು ಸತ್ತುಹೋಯ್ತು ಅಂದುಕೊಳ್ಳಬಹುದು. ಆದರೆ ಹಳೇ ಚರ್ಮ ಬಿಟ್ಟು ದೊಡ್ಡದಾಗಿ ಏಳುತ್ತೆ. ನಮ್ಮ ಬಾಳಿನಲ್ಲೂ ಪ್ರಾರ್ಥನೆ ರುಚಿಸದ, ದೇವರು ಕೇಳಿಸಿಕೊಳ್ಳಲೇ ಇಲ್ಲ ಅನ್ನಿಸುವ ದಿನಗಳು ಬರುತ್ತವೆ. ಆ ದಿನಗಳಲ್ಲಿ ಹೆದರಬೇಡಿ, ಜಪಸರ ಬಿಡಬೇಡಿ.

ಕಳೆಯ ನಡುವೆ ಬೆಳೆ

ಯೇಸುಸ್ವಾಮಿ ಗೋಧಿ ಹೊಲದಲ್ಲಿ ಬೆಳೆದ ಕಳೆಯ ಸಾಮತಿಯನ್ನು ಹೇಳಿದ್ದು ನಿಮಗೆ ಗೊತ್ತು. ಆಳುಗಳು ಕಿತ್ತುಹಾಕೋಣ ಅಂದಾಗ ಯಜಮಾನ ತಡೆಯುತ್ತಾನೆ. ಕಳೆ ಜೊತೆ ಪೈರೂ ಬಂದೀತು, ಸುಗ್ಗಿಯವರೆಗೆ ಕಾಯಿರಿ ಅನ್ನುತ್ತಾನೆ. ಅಂದರೆ ದೇವರು ನಮ್ಮನ್ನು ಕಳೆಯಿಲ್ಲದ ಹೊಲಕ್ಕೆ ಕಳಿಸಲಿಲ್ಲ. ಸಂತೆ, ಬ್ಯಾಂಕು, ಫಿಲೇಚರ್, ಗಾರ್ಮೆಂಟ್ಸ್, ಪಂಚಾಯ್ತಿ ಆಫೀಸು, ಇದೇ ನಮ್ಮ ಹೊಲ. ಇಲ್ಲೇ ತೆನೆ ಬಿಡಬೇಕು.

2025ರಲ್ಲಿ ದೈವಾಧೀನರಾದ ಪೋಪ್ ಫ್ರಾನ್ಸಿಸ್ ಅವರು 2018ರಲ್ಲಿ ಪವಿತ್ರತೆಯ ಬಗ್ಗೆ ಒಂದು ಪತ್ರ ಬರೆದರು. ಅದರಲ್ಲಿ ಅವರು ಕೊಟ್ಟ ಉದಾಹರಣೆ ನಮ್ಮಂತಹ ಒಬ್ಬ ಹೆಂಗಸಿನದು. ಆಕೆ ಅಂಗಡಿಗೆ ಹೋಗುತ್ತಾಳೆ, ನೆರೆಯವಳು ಸಿಗುತ್ತಾಳೆ, ಇನ್ನೊಬ್ಬರ ಮೇಲೆ ಚಾಡಿ ಶುರುವಾಗುತ್ತದೆ. ಯಾರ ಬಗ್ಗೆಯೂ ಕೆಟ್ಟದ್ದು ಆಡಬಾರದು ಅಂತ ಆಕೆ ಮನಸ್ಸಿನಲ್ಲೇ ತೀರ್ಮಾನಿಸುತ್ತಾಳೆ. ಮನೆಗೆ ಬಂದಾಗ ಸುಸ್ತಾಗಿದ್ದರೂ ಮಗುವಿನ ಮಾತು ಕೇಳಲು ಕೂರುತ್ತಾಳೆ. ಇಷ್ಟೇ. ಇದೂ ಪವಿತ್ರತೆಯ ಹೆಜ್ಜೆ ಎಂದರು ಪೋಪರು.

ಸಾಲದ ವಿಷಯ

ಈಗ ಕಂತಿನ ಮಾತಿಗೆ ಬರೋಣ. ಸಾಲ ಮಾಡುವುದು ಪಾಪವಲ್ಲ. ಆದರೆ ಸಾಲದ ಸುತ್ತ ನಾವು ಮಾಡುವ ಕೆಲವು ಕೆಲಸಗಳು ಪಾಪವಾಗುತ್ತವೆ.

ನನ್ನ ಹೆಸರಿನಲ್ಲಿ ಸಾಲ ತೆಗೆದು ಇನ್ನೊಬ್ಬಳಿಗೆ ಕೊಡುವುದು, ಹಸುವಿಗೆ ಅಂತ ತೆಗೆದು ಹಬ್ಬಕ್ಕೆ ಖರ್ಚು ಮಾಡುವುದು, ಸದಸ್ಯೆಗೆ ತಿಳಿಸದೆ ಆಕೆಯ ಸಹಿ ಹಾಕುವುದು, ಇವೆಲ್ಲ ಸುಳ್ಳು. ಇನ್ನೊಂದು ಇದಕ್ಕಿಂತ ದೊಡ್ಡದು. ಕಂತು ಕಟ್ಟಲಾಗದವಳ ಮನೆ ಬಾಗಿಲಲ್ಲಿ ಹತ್ತು ಜನ ಕೂತು ಮರ್ಯಾದೆ ತೆಗೆದದ್ದು, ಮಿಕ್ಸಿ, ಗ್ಯಾಸ್ ಸಿಲಿಂಡರ್ ಎತ್ತಿಕೊಂಡು ಬಂದದ್ದು ನಮ್ಮ ಕಡೆಯೂ ಉಂಟು. ದೊಡ್ಡ ಸಾಲ ಮನ್ನಾ ಮಾಡಿಸಿಕೊಂಡು ಬಂದ ಆಳು ತನಗೆ ಸಣ್ಣ ಸಾಲ ಕೊಡಬೇಕಾದವನ ಕುತ್ತಿಗೆ ಹಿಡಿದ ಕಥೆಯನ್ನು ಯೇಸುಸ್ವಾಮಿ ಹೇಳಿದ್ದು ಇಂಥವರಿಗೇ. ಸಂಘ ಹುಟ್ಟಿದ್ದು ಬಡ್ಡಿಯವನಿಂದ ನಮ್ಮನ್ನು ಬಿಡಿಸೋಕೆ. ನಾವೇ ಬಡ್ಡಿಯವರ ಥರ ಆದರೆ ಆ ತಂಗಿ ಎಲ್ಲಿಗೆ ಹೋಗಬೇಕು?

ಕಾನೂನನ್ನೂ ತಿಳಿದುಕೊಳ್ಳಿ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಒಂದು ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಮನೆಗೆ 12,000 ರೂಪಾಯಿ ಬಂದರೆ ಎಲ್ಲ ಕಂತು ಸೇರಿ 6,000ದ ಒಳಗಿರಬೇಕು. ಮೈಕ್ರೋ ಫೈನಾನ್ಸ್‌ನವರು ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡಿ ವಸೂಲಿಗೆ ಪೀಡಿಸಬಾರದು. ಬೆದರಿಸಬಾರದು, ಕೆಟ್ಟ ಮಾತಾಡಬಾರದು. ನಮ್ಮ ರಾಜ್ಯದಲ್ಲಿ ಬಲವಂತದ ವಸೂಲಿ ತಡೆಯಲು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು, ಆಮೇಲೆ ವಿಧಾನಮಂಡಲ ಅದನ್ನು ಕಾನೂನು ಮಾಡಿತು. ನೋಂದಣಿ ಇಲ್ಲದೆ ಸಾಲ ಕೊಟ್ಟು ಹಿಂಸೆ ಮಾಡುವವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಆದ್ದರಿಂದ ಸಾಲಕ್ಕೆ ಹೆದರಿ ಯಾರೂ ಪ್ರಾಣ ಕಳೆದುಕೊಳ್ಳುವ ಯೋಚನೆ ಮಾಡಬೇಡಿ. ಮೊದಲು ಸಂಘಕ್ಕೆ ಬನ್ನಿ, ನಿಜ ಹೇಳಿ. ನಿಜ ಹೇಳಿದವಳನ್ನು ಯಾರೂ ಬೈಯಬಾರದು.

ಕ್ಷಮೆ ಅಂದರೆ ಹೊಡೆತ ತಿನ್ನುವುದಲ್ಲ

ಕುಡಿದು ಬರುವ ಗಂಡನ ಬಗ್ಗೆ ಕೇಳಿದ ತಾಯಿಗೆ ಒಂದು ಮಾತು. "ಶಿಲುಬೆ ಅಂತ ಹೊತ್ತುಕೋ" ಅಂತ ನಿಮಗೆ ಯಾರಾದರೂ ಹೇಳಿರಬಹುದು. ನಾನು ಹೇಳೋದಿಲ್ಲ. ಹೊಡೆಯುವುದು ಪಾಪ. ಆ ಪಾಪವನ್ನು ತಡೆಯುವುದು ಅವರಿಗೂ ಒಳ್ಳೆಯದು, ಮಕ್ಕಳಿಗೂ ಒಳ್ಳೆಯದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ, 181 ಮಹಿಳಾ ಸಹಾಯವಾಣಿ ಇದೆ. ದ್ವೇಷ ಇಟ್ಟುಕೊಳ್ಳದೆಯೂ ದೂರು ಕೊಡಬಹುದು.

ಇದನ್ನು ನಮ್ಮ ಹತ್ತಿರದಲ್ಲೇ ನೋಡಿದ್ದೇವೆ. ಚಿಕ್ಕಬಳ್ಳಾಪುರದ ಬಳಿ ಸೂಸೈಪಾಳ್ಯದಲ್ಲಿ ನೂರೈವತ್ತು ವರ್ಷಕ್ಕೂ ಹಳೆಯದೆನ್ನುವ ಸಂತ ಜೋಸೆಫರ ದೇವಾಲಯವಿದೆ. 2021ರ ಡಿಸೆಂಬರ್ 23ರಂದು, ಕ್ರಿಸ್‌ಮಸ್‌ಗೆ ಎರಡೇ ದಿನ ಇರುವಾಗ, ಅಲ್ಲಿನ ಸಂತ ಅಂತೋಣಿಯವರ ಪ್ರತಿಮೆಯನ್ನು ಹಾಳು ಮಾಡಿದರು. ಪೊಲೀಸರಿಗೆ ದೂರು ಹೋಯಿತು, ಅದು ಸರಿಯಾದ ದಾರಿ. ನನ್ನ ಮನಸ್ಸಿನಲ್ಲೂ ಅವತ್ತು ಸಿಟ್ಟು ಬಂತು, ಹೆದರಿಕೆಯೂ ಆಯಿತು. ಆದರೆ ನನ್ನ ಪಕ್ಕ ಕೂತು ಉಳಿತಾಯ ಕಟ್ಟುವ ಹಿಂದೂ ಅಕ್ಕನ ಮೇಲೆ ಆ ಸಿಟ್ಟನ್ನು ತೋರಿಸಿದರೆ ಅದು ನ್ಯಾಯವೇ? ಮಾಡಿದ ಕೈ ಬೇರೆ, ಆಕೆ ಬೇರೆ.

ಸಿಸ್ಟರ್ ರಾಣಿ ಮರಿಯಾ ಅವರ ಹೆಸರು ಕೇಳಿದ್ದೀರಾ? ಕೇರಳದಲ್ಲಿ ಹುಟ್ಟಿದ ಕನ್ಯಾಸ್ತ್ರೀ. ಮಧ್ಯಪ್ರದೇಶದ ಉದಯನಗರದಲ್ಲಿ ಬಡ ಆದಿವಾಸಿಗಳ ಜೊತೆ ಕೆಲಸ ಮಾಡಿ, ಬಡ್ಡಿ ಸಾಹುಕಾರರ ಹಿಡಿತದಿಂದ ಅವರು ಹೊರಬರಲು ನೆರವಾದರು. ನಮ್ಮ ಸಂಘದ ಕೆಲಸವೇ ನೋಡಿ. 1995ರ ಫೆಬ್ರುವರಿ 25ರಂದು ಬಸ್ಸಿನಲ್ಲಿ ಹೋಗುವಾಗ ಸಮಂದರ್ ಸಿಂಗ್ ಎಂಬಾತ ಅವರನ್ನು ಚೂರಿಯಿಂದ ಇರಿದು ಕೊಂದ. ಆತ ಜೈಲಿಗೆ ಹೋದ. 2002ರಲ್ಲಿ ರಾಣಿ ಮರಿಯಾ ಅವರ ಒಡಹುಟ್ಟಿದ ತಂಗಿ ಸಿಸ್ಟರ್ ಸೆಲ್ಮಿ ಜೈಲಿಗೇ ಹೋಗಿ ಆತನಿಗೆ ರಾಖಿ ಕಟ್ಟಿ ತಮ್ಮ ಅಂದರು. 2006ರಲ್ಲಿ ಆತ ಬಿಡುಗಡೆಯಾದ. ಆಮೇಲೆ ಕೇರಳಕ್ಕೆ ಹೋಗಿ ಅವರ ತಾಯಿಯನ್ನೂ ಕಂಡ. 2017ರ ನವೆಂಬರ್ 4ರಂದು ಇಂದೋರ್‌ನಲ್ಲಿ ರಾಣಿ ಮರಿಯಾ ಅವರನ್ನು ಪುನೀತೆ ಎಂದು ಧರ್ಮಸಭೆ ಘೋಷಿಸಿತು.

ನೋಡಿ, ಸೆಲ್ಮಿ ಅವರು ಕೊಲೆಯನ್ನು ಸರಿ ಅನ್ನಲಿಲ್ಲ. ಕೊಂದವನನ್ನು ಕಳೆದುಕೊಳ್ಳಲೂ ಒಪ್ಪಲಿಲ್ಲ.

ಮುಂದಿನ ಸಭೆಗೆ ಮೂರು ಕೆಲಸ

ಆ ತಾಯಿಗೆ ನನ್ನ ಉತ್ತರ ಇದು: ಪಾಪವನ್ನೇ ಮಾಡದೆ ಇರಲು ನನಗೂ ಆಗಲಿಲ್ಲ. ಆದರೆ ಮಾಡಿದ್ದನ್ನು ಒಪ್ಪಿಕೊಂಡು ಸರಿಪಡಿಸಲು ಆಗುತ್ತದೆ. ತೆರಿಗೆ ವಸೂಲಿಯ ಜಕ್ಕಾಯ ತಾನು ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಹಿಂದೆ ಕೊಡಲು ಸಿದ್ಧನಾದ. ಯೇಸುಸ್ವಾಮಿ ಆತನ ಮನೆಗೆ ಹೋದರು. ನಮ್ಮ ಮನೆಗೂ ಬರುತ್ತಾರೆ.

ಆದ್ದರಿಂದ ಮುಂದಿನ ಸಭೆಯಲ್ಲಿ ಮೂರು ಕೆಲಸ ಮಾಡಿ. ಒಂದು, ಲೆಕ್ಕದ ಪುಸ್ತಕ, ಪಾಸ್ ಬುಕ್ ಎರಡನ್ನೂ ಎಲ್ಲರ ಮುಂದೆ ಗಟ್ಟಿಯಾಗಿ ಓದಿ. ಯಾರ ಮೇಲೂ ಅನುಮಾನ ಹೇಳುವ ಮುಂಚೆ ಎರಡು ಸಲ ಕೂಡಿ ನೋಡಿ. ಎರಡು, ಸಭೆಗೆ ಬರುವುದು ಬಿಟ್ಟ ಒಬ್ಬ ಸದಸ್ಯೆಯ ಮನೆಗೆ ಇಬ್ಬರು ಹೋಗಿ. ಕಂತು ಕೇಳಬೇಡಿ, ಹೇಗಿದ್ದೀಯಮ್ಮಾ ಅಂತ ಕೇಳಿ. ಮೂರು, ಯಾರಿಗಾದರೂ ಎಲ್ಲರ ಮುಂದೆ ನೋವು ಮಾಡಿದ್ದರೆ, ಎಲ್ಲರ ಮುಂದೆಯೇ ಕ್ಷಮೆ ಕೇಳಿ.

ನನ್ನ ಆ 600 ರೂಪಾಯಿಯ ಪ್ರತಿನಿಧಿ ನನ್ನ ಜೊತೆ ಮೊದಲಿನ ಹಾಗೆ ಮಾತಾಡಲು ಒಂದು ವರ್ಷ ಹಿಡಿಯಿತು. ಅವರ ಮಗಳು ಮತ್ತೆ ಶಾಲೆಗೆ ಹೋದಳು, ಓದಿದಳು. ಈಗ ಅದೇ ಸಂಘದ ಲೆಕ್ಕ ಬರೆಯುವವಳು ಆಕೆಯೇ. ನಾನು ಹೋದಾಗೆಲ್ಲ ಪುಸ್ತಕ ನನ್ನ ಮುಂದೆ ಇಟ್ಟು, "ನೀವೊಂದ್ಸಲ ಕೂಡಿ ನೋಡಿ ಸಿಸ್ಟರ್" ಅಂತ ನಗುತ್ತಾಳೆ. ನಾನು ಎರಡು ಸಲ ಕೂಡುತ್ತೇನೆ.

ದೇವರು ನಿಮ್ಮನ್ನೂ ನಿಮ್ಮ ಮನೆ ಮಕ್ಕಳನ್ನೂ ಕಾಪಾಡಲಿ.