ಒಂದು ಇಳಿಜಾರು, ಒಬ್ಬ ಒಡೆಯ, ಹಳೆಯ ಬಳ್ಳಿಗಳು



ಗುಡ್ಡಗಾಡಿನ ಕೃಷಿಕರೂ ವಿದ್ಯಾರ್ಥಿಗಳೂ ಸೇರಿದ ಸಭೆಯಲ್ಲಿ ದ್ರಾಕ್ಷಾರಸದ ಮಾತೇಕೆ ಎಂಬ ಪ್ರಶ್ನೆ ಕೆಲವರ ಮನದಲ್ಲಿ ಮೂಡಿರಬಹುದು. ಮದ್ಯದ ಪರವಾಗಿ ಇಲ್ಲಿ ಹೇಳುವುದೇನೂ ಇಲ್ಲ. ಆದರೆ ಕಡಿದಾದ ಇಳಿಜಾರಿನಲ್ಲಿರುವ ಸುಮಾರು ಏಳು ಹೆಕ್ಟೇರ್, ಎಂದರೆ ಹದಿನೇಳು ಎಕರೆಯ ತೋಟವೊಂದು ಎರಡೇ ವರ್ಷಗಳಲ್ಲಿ ತನ್ನ ಸತ್ತ್ವವನ್ನು ಕಳೆದುಕೊಂಡು, ಬಳಿಕ ದೀರ್ಘಕಾಲದ ಆರೈಕೆಯಿಂದ ಅದನ್ನು ಮರಳಿ ಪಡೆದ ವೃತ್ತಾಂತವು ಬೆಟ್ಟದ ಮಗ್ಗುಲಿನಲ್ಲಿ ಬೇಸಾಯ ಮಾಡುವ ಯಾರಿಗೂ ಹೊರಗಿನದಾಗಲಾರದು.

ಫ್ರಾನ್ಸ್ ದೇಶದ ಪಶ್ಚಿಮ ಭಾಗದಲ್ಲಿ, ಆಂಜೆ ನಗರದ ಸಮೀಪ, ಲುವಾರ್ ನದಿಯ ಉತ್ತರ ದಂಡೆಯ ಮೇಲೆ ಸಾವೆನಿಯೆರ್ ಎಂಬ ಹಳ್ಳಿಯಿದೆ. ಅಲ್ಲಿ ನದಿಯ ಕಡೆಗೆ ಇಳಿಯುವ ಪದರಗಲ್ಲಿನ ಇಳಿಜಾರೇ ಕೂಲೆ ದ ಸೆರಾಂ. ಸಿಸ್ಟರ್ಸಿಯನ್ ಪಂಥದ ಸನ್ಯಾಸಿಗಳು 1130ರಲ್ಲಿ ಇಲ್ಲಿ ಮೊದಲು ದ್ರಾಕ್ಷಿ ನೆಟ್ಟರು; ಅಂದಿನಿಂದ ಈ ನೆಲದಲ್ಲಿ ಬಳ್ಳಿ ತಪ್ಪಿಲ್ಲವೆಂಬುದು ತೋಟದವರ ಹೆಮ್ಮೆ. ಬೆಳೆಯುವುದು ಶೆನಿನ್ ಬ್ಲಾಂ ಎಂಬ ಒಂದೇ ಬಿಳಿ ತಳಿ. ನಮ್ಮ ದೇಶದ ನಾಸಿಕ ಸೀಮೆಯಲ್ಲಿ ಬಿಳಿ ವೈನಿಗಾಗಿ ಬೆಳೆಸುವ ತಳಿಗಳಲ್ಲಿ ಇದೂ ಒಂದು.

ಫ್ರಾನ್ಸಿನಲ್ಲಿ 1935ರ ಕಾನೂನು ವೈನಿಗೆ ಅದು ಹುಟ್ಟಿದ ಊರಿನ ಹೆಸರನ್ನು ರಕ್ಷಿಸಿ ಕೊಡುತ್ತದೆ. ನಮ್ಮಲ್ಲಿ ಕೊಡಗಿನ ಕಿತ್ತಳೆಗೂ ಶಿರಸಿ ಅಡಿಕೆಗೂ ದೊರೆತ ಭೌಗೋಳಿಕ ಸೂಚಿಯ ಹಿರಿಯಣ್ಣ ಎಂದು ಅದನ್ನು ತಿಳಿಯಬಹುದು. ಸಾಮಾನ್ಯವಾಗಿ ಇಂಥ ಒಂದು ಹೆಸರಿನಡಿ ಹಲವಾರು ಬೆಳೆಗಾರರಿರುತ್ತಾರೆ. ಬರ್ಗಂಡಿಯಲ್ಲಿ ಅದೇ ಸಿಸ್ಟರ್ಸಿಯನ್ ಸನ್ಯಾಸಿಗಳು ಕಟ್ಟಿದ ಕ್ಲೋ ದ ವೂಜೋ ಎಂಬ ತೋಟ ಇಂದು ಒಂದೇ ಗೋಡೆಯೊಳಗೆ ಸುಮಾರು 80 ಒಡೆಯರ ನಡುವೆ ಹಂಚಿಹೋಗಿದೆ. ಕೂಲೆ ದ ಸೆರಾಂಗೆ ಮಾತ್ರ ಹೆಸರೂ ಒಂದೇ, ಒಡೆತನವೂ ಒಂದೇ. ಆಹಾರ ಲೇಖಕ ಕ್ಯುರ್ನೋನ್‌ಸ್ಕಿ ಇದನ್ನು ಫ್ರಾನ್ಸಿನ ಐದು ಶ್ರೇಷ್ಠ ಬಿಳಿ ವೈನುಗಳಲ್ಲಿ ಒಂದೆಂದು ಎಣಿಸಿದ. ಆತ ಆಂಜೆಯಲ್ಲೇ ಹುಟ್ಟಿದವನು. ಊರಿನ ಅಭಿಮಾನವೂ ಸ್ವಲ್ಪ ಸೇರಿರಬಹುದು.

1960ರ ದಶಕದ ಆರಂಭದಲ್ಲಿ ಈ ತೋಟ ಜೋಲಿ ಕುಟುಂಬದ ಕೈಗೆ ಬಂದಿತು. ತಾಯಿ ಹಳೆಯ ಪದ್ಧತಿಯಲ್ಲಿಯೇ ಅದನ್ನು ನಡೆಸುತ್ತಿದ್ದರು. ಮಗ ನಿಕೊಲಾ ಜೋಲಿ ಅಮೆರಿಕದಲ್ಲಿ ಓದಿ, ನ್ಯೂಯಾರ್ಕ್ ಮತ್ತು ಲಂಡನ್ನಿನ ಬ್ಯಾಂಕಿನಲ್ಲಿ ದುಡಿದು, 1970ರ ದಶಕದ ಉತ್ತರಾರ್ಧದಲ್ಲಿ ಮನೆಗೆ ಮರಳಿದರು. ಆಗ ಕೃಷಿ ಸಲಹೆಗಾರರೊಬ್ಬರು ಬಂದು, ತಾಯಿಯವರ ಕೆಲಸ ಚೆನ್ನಾಗಿದೆಯಾದರೂ ಹಳೆಯ ಕಾಲದ್ದು, ಕಳೆನಾಶಕ ಬಳಸಿದರೆ ಕೂಲಿಯ ಖರ್ಚು ಬಹಳಷ್ಟು ಉಳಿಯುತ್ತದೆ ಎಂದು ಬೋಧಿಸಿದರು. ಬ್ಯಾಂಕಿನ ಲೆಕ್ಕ ಬಲ್ಲ ಯುವಕನಿಗೆ ಅದು ಸರಿಯೆನಿಸಿತು. ಎರಡು ವರ್ಷಗಳಾಗುವಷ್ಟರಲ್ಲಿ ಮಣ್ಣಿನ ಬಣ್ಣ ಬದಲಾಯಿತು. ಗುಲಗಂಜಿ ಹುಳುಗಳು ಕಾಣೆಯಾದವು. ಬಳ್ಳಿಗಳ ನಡುವೆ ಓಡಾಡುತ್ತಿದ್ದ ಕೌಜುಗಗಳು ಬಿಟ್ಟುಹೋದವು. ಇದು ಜೋಲಿಯವರೇ ಮತ್ತೆ ಮತ್ತೆ ಹೇಳಿಕೊಂಡಿರುವ ತಪ್ಪೊಪ್ಪಿಗೆ. ಉಳಿತಾಯದ ಲೆಕ್ಕದಲ್ಲಿ ಕೌಜುಗದ ಬಾಬ್ತು ಇರಲಿಲ್ಲ.

ಕಳೆನಾಶಕ ಸಿಂಪಡಿಸಿದ ನೆಲದಲ್ಲಿ ಹೊದಿಕೆಯಿಲ್ಲ, ಕೊಳೆಯುವ ಎಲೆಯಿಲ್ಲ. ಆದ್ದರಿಂದ ಎರೆಹುಳುವಿಗೂ ಸೂಕ್ಷ್ಮಜೀವಿಗಳಿಗೂ ಆಹಾರವಿಲ್ಲ. ಬರಿದಾದ ಇಳಿಜಾರಿನ ಮೇಲ್ಮಣ್ಣು ಮಳೆಯಲ್ಲಿ ಕೊಚ್ಚಿಹೋಗುವುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ಬಡವಾದ ಮಣ್ಣಿಗೆ ರಾಸಾಯನಿಕ ಗೊಬ್ಬರ ಸುರಿದಾಗ ಬೇರುಗಳು ಮೇಲೆಯೇ ಉಳಿದು ಅದನ್ನೇ ಹೀರುತ್ತವೆ. ಕಲ್ಲಿನ ಸಂದುಗಳಿಗೆ ಇಳಿಯುವ ಅಗತ್ಯ ಅವಕ್ಕೆ ಬೀಳುವುದಿಲ್ಲ. ಜೋಲಿಯವರ ವಾದದ ತಿರುಳು ಇಲ್ಲಿದೆ. ಬೇರು ಕಲ್ಲನ್ನು ಮುಟ್ಟದಿದ್ದರೆ ಹಣ್ಣಿನಲ್ಲಿ ಆ ಊರಿನ ರುಚಿ ಬರುವುದೆಲ್ಲಿಂದ? ರುಚಿಯೇ ಬಾರದಿದ್ದಾಗ ಸೀಸೆಯ ಮೇಲಿನ ಊರಿನ ಹೆಸರು ಕೊಳ್ಳುವವನಿಗೆ ಮಾಡುವ ಮೋಸವಲ್ಲವೇ? ಇದೇ ವಾದವನ್ನು ಮುಂದಿಟ್ಟು ಅವರು 2001ರಲ್ಲಿ ಹಲವು ಬೆಳೆಗಾರರ ಸಂಘಟನೆಯೊಂದನ್ನು ಕಟ್ಟಿದರು.

ಆಕಸ್ಮಿಕವಾಗಿ ಕೈಗೆ ಸಿಕ್ಕ ಪುಸ್ತಕವೊಂದರಿಂದ ರುಡಾಲ್ಫ್ ಸ್ಟೈನರ್ 1924ರಲ್ಲಿ ನೀಡಿದ ಕೃಷಿ ಉಪನ್ಯಾಸಗಳ ದಾರಿ ಅವರಿಗೆ ತಿಳಿಯಿತು. 1980ರಿಂದ ಸ್ವಲ್ಪ ನೆಲದಲ್ಲಿ ಪ್ರಯೋಗ ನಡೆಸಿ, 1984ರ ಹೊತ್ತಿಗೆ ಇಡೀ ತೋಟವನ್ನು ಬಯೋಡೈನಮಿಕ್ ಪದ್ಧತಿಗೆ ತಂದರು. ಹಸುವಿನ ಕೊಂಬಿನಲ್ಲಿ ಸಗಣಿ ತುಂಬಿ ಚಳಿಗಾಲವಿಡೀ ನೆಲದಲ್ಲಿ ಹೂಳುವುದು, ಬಳಿಕ ಅದರಲ್ಲಿ ಹಿಡಿಯಷ್ಟನ್ನು ನೀರಿನಲ್ಲಿ ಒಂದು ಗಂಟೆ ಕಲಕಿ ಚಿಮುಕಿಸುವುದು ಇದರ ಪ್ರಸಿದ್ಧ ಕ್ರಮ. ಕರ್ನಾಟಕದ ಸಾವಯವ ಕೃಷಿಕರಲ್ಲಿ ಕೆಲವರು ಕೊಂಬಿನ ಗೊಬ್ಬರವೆಂದು ಇದನ್ನು ಬಲ್ಲರು. ಗ್ರಹಗತಿಗಳ ಪಂಚಾಂಗವೂ ಇದರೊಡನೆ ಬರುತ್ತದೆ. ಕೊಂಬಿಗೂ ನಕ್ಷತ್ರಕ್ಕೂ ಹೇಳುವ ವಿಶೇಷ ಶಕ್ತಿಯನ್ನು ವಿಜ್ಞಾನ ಒಪ್ಪಿಲ್ಲವೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಆದರೆ ಕಳೆನಾಶಕ ನಿಂತಿತು, ಕಾಂಪೋಸ್ಟ್ ಬಂದಿತು, ಯಂತ್ರ ಹತ್ತಲಾಗದ ಕಡೆ ಕುದುರೆ ಉಳುಮೆ ಮಾಡಿತು, ಚಳಿಗಾಲದಲ್ಲಿ ಕುರಿಗಳು ಬಳ್ಳಿಗಳ ನಡುವೆ ಮೇಯ್ದು ಹಿಕ್ಕೆ ಹಾಕಿದವು. ಮಣ್ಣಿಗೆ ಮರುಜೀವ ಬರಲು ಇಷ್ಟು ಕಾರಣ ಸಾಲದೇ?

ಒಬ್ಬನೇ ಒಡೆಯನಾಗಿದ್ದರಿಂದ ನೆಲ ಕೆಟ್ಟದ್ದೂ ಒಂದು ತೀರ್ಮಾನದಿಂದ, ಚೇತರಿಸಿಕೊಂಡದ್ದೂ ಒಂದು ತೀರ್ಮಾನದಿಂದ. ಬೇಲಿಯಾಚೆಯ ಸಿಂಪರಣೆ ಗಾಳಿಯಲ್ಲಿ ತೇಲಿ ಬರುವ ಸಣ್ಣ ಹಿಡುವಳಿದಾರನಿಗೆ ಈ ಅನುಕೂಲವಿಲ್ಲ. ಅವನು ನೆರೆಯವರನ್ನೂ ಒಪ್ಪಿಸಬೇಕಾಗುತ್ತದೆ.

ಇನ್ನು ಹಳೆಯ ಬಳ್ಳಿಗಳ ಮಾತು. ಮೂವತ್ತು, ನಲವತ್ತು ವರ್ಷ ದಾಟಿದ ದ್ರಾಕ್ಷಿಬಳ್ಳಿಯ ಇಳುವರಿ ಕುಗ್ಗುತ್ತದೆ. ಲಾಭವನ್ನೇ ಎಣಿಸುವವನು ಅದನ್ನು ಕಿತ್ತು ಹೊಸದನ್ನು ನೆಡುತ್ತಾನೆ. ಕೂಲೆ ದ ಸೆರಾಂನಲ್ಲಿ ಕೆಲವು ಬಳ್ಳಿಗಳು 80 ವರ್ಷವನ್ನೂ ಮೀರಿವೆ. ಅವುಗಳ ಬೇರು ಆಳಕ್ಕಿಳಿದಿರುವುದರಿಂದ ಒಣ ಬೇಸಿಗೆಯನ್ನೂ ತಾಳುತ್ತವೆ. ಕಡಿಮೆ ಹಣ್ಣಾದರೂ ರಸ ಗಾಢವಾಗಿರುತ್ತದೆ. ಹೆಕ್ಟೇರಿಗೆ ದೊರೆಯುವ ವೈನ್ ಸುಮಾರು 2,000ದಿಂದ 2,500 ಲೀಟರ್ ಮಾತ್ರ. ಕೊಯ್ಲೂ ಒಂದೇ ದಿನದ್ದಲ್ಲ. ಮಾಗಿದ ಗೊಂಚಲುಗಳನ್ನಷ್ಟೇ ಆಯ್ದು, ಮೂರು ನಾಲ್ಕು ವಾರಗಳ ಅವಧಿಯಲ್ಲಿ ಅದೇ ಸಾಲುಗಳಿಗೆ ಹಲವು ಬಾರಿ ಮರಳಿ ಕೊಯ್ಯುತ್ತಾರೆ. ಹುದುಗಿಗೆ ಹೊರಗಿನ ಯೀಸ್ಟ್ ಹಾಕುವುದಿಲ್ಲ. ಹಣ್ಣಿನೊಡನೆ ಬಂದದ್ದೇ ಸಾಕು. ಹೀಗಾಗಿ ವರ್ಷದಿಂದ ವರ್ಷಕ್ಕೆ ವೈನ್ ಒಂದೇ ತೆರನಾಗಿರುವುದಿಲ್ಲ. ಕೆಲವು ವರ್ಷಗಳದ್ದು ನಿರಾಸೆ ತರಿಸಿತೆಂದು ವಿಮರ್ಶಕರು ಟೀಕಿಸಿದ್ದೂ ಉಂಟು. ಸೀಸೆಯ ಮುಚ್ಚಳ ತೆರೆದ ಮರುದಿನ ಸವಿಯಬೇಕೆಂಬುದು ತೋಟದವರ ಸಲಹೆ.

ಈಗ ವೈನ್ ತಯಾರಿಕೆಯ ಹೊಣೆ ಮಗಳು ವಿರ್ಜಿನಿಯವರದು. ಮುದಿ ಬಳ್ಳಿಯೊಂದು ಸತ್ತಾಗ ನರ್ಸರಿಯ ಸಸಿಯನ್ನು ಕೊಂಡು ತರುವ ಬದಲು, ತೋಟದ ಹಳೆಯ ಬಳ್ಳಿಗಳಿಂದಲೇ ಕಡ್ಡಿ ಆಯ್ದು ಸಸಿ ಮಾಡಿ ಆ ಜಾಗದಲ್ಲಿ ನೆಡುವುದು ಇಲ್ಲಿನ ರೂಢಿ. ಅಂಥ ಸಸಿಯೊಂದು ಹಳೆಯ ಬಳ್ಳಿಯೆನಿಸಿಕೊಳ್ಳುವ ಹೊತ್ತಿಗೆ ಅದನ್ನು ನೆಟ್ಟವರ ಮಕ್ಕಳು ಕೊಯ್ಲಿಗೆ ನಿಂತಿರುತ್ತಾರೆ.