ವೈದ್ಯವಿದ್ಯೆಗೆ ಮುನ್ನ ಯಾವ ಪದವಿ?



ನಮ್ಮೊಡನೆ ಕಾಲೇಜಿನಲ್ಲಿ ಓದಿ, ಈಗ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನೆಲಸಿರುವ ಸ್ನೇಹಿತರೊಬ್ಬರು ಹಿಂದಿನ ವರ್ಷ ಬೇಸಗೆಯಲ್ಲಿ ಮಗಳೊಡನೆ ನಮ್ಮ ಮನೆಗೆ ಬಂದಿದ್ದರು. ಹುಡುಗಿಗೆ ವೈದ್ಯಳಾಗುವ ಹಂಬಲ. ಆದರೆ ಮೊದಲು ಇತಿಹಾಸದಲ್ಲಿ ಪದವಿ ಪಡೆಯಬೇಕೆಂಬ ಆಸೆ. ತಂದೆಗೆ ಇದು ಸರಿದೋರಲಿಲ್ಲ. "ಜೀವಶಾಸ್ತ್ರವನ್ನು ಬಿಟ್ಟು ರಾಜರ ಕಥೆ ಓದಿದರೆ ಡಾಕ್ಟರಾಗುವುದು ಹೇಗಪ್ಪ? ನೀನೇ ಬುದ್ಧಿ ಹೇಳು" ಎಂದರು. ನಾವೂ ಹಿಂದುಮುಂದು ನೋಡದೆ ತಂದೆಯ ಪಕ್ಷವನ್ನೇ ವಹಿಸಿದೆವು. ಆಗ ಹುಡುಗಿ ಕೇಳಿದಳು: "ಮಾಮ, ಕೊನೆಗೆ ವೈದ್ಯಕೀಯ ಕಾಲೇಜಿನಲ್ಲಿ ಸ್ಥಳ ಸಿಕ್ಕದೆ ಹೋದರೆ, ಇಷ್ಟವಿಲ್ಲದ ವಿಷಯವನ್ನು ನಾಲ್ಕು ವರ್ಷ ಓದಿದ್ದು ಯಾತಕ್ಕಾಯಿತು?" ನಮ್ಮಲ್ಲಿ ಉತ್ತರವಿರಲಿಲ್ಲ. ಆ ಬಳಿಕ ವಿಚಾರಿಸಿ ತಿಳಿದುದನ್ನೇ ಇಲ್ಲಿ ನಿವೇದಿಸುತ್ತೇವೆ.

ನಮ್ಮ ದೇಶದಲ್ಲಿ ಪದವಿಪೂರ್ವ ತರಗತಿ ಮುಗಿಯುತ್ತಲೇ, ಪ್ರವೇಶ ಪರೀಕ್ಷೆಯ ಮೂಲಕ ಎಂ.ಬಿ.ಬಿ.ಎಸ್. ತರಗತಿಯನ್ನು ಸೇರಬಹುದು. ಅಮೆರಿಕದ ಕ್ರಮವೇ ಬೇರೆ. 1893ರಲ್ಲಿ ಬಾಲ್ಟಿಮೋರ್ ನಗರದಲ್ಲಿ ತೆರೆದ ಜಾನ್ಸ್ ಹಾಪ್‌ಕಿನ್ಸ್ ವೈದ್ಯಶಾಲೆ, ಸೇರುವವರು ಮೊದಲೇ ಪದವೀಧರರಾಗಿರಬೇಕೆಂದು ವಿಧಿಸಿತು. ಇಂದು ಅಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿಯಾದ ಮೇಲೆ ನಾಲ್ಕು ವರ್ಷದ ವೈದ್ಯವ್ಯಾಸಂಗ. ಆದರೆ ಮೊದಲಿನ ಪದವಿ ಇಂಥ ವಿಷಯದಲ್ಲಿಯೇ ಇರಬೇಕೆಂಬ ನಿರ್ಬಂಧವಿಲ್ಲ. ಜೀವಶಾಸ್ತ್ರ, ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಕೆಲವು ಪಾಠಗಳನ್ನು ಪ್ರಯೋಗ ಸಹಿತ ಮುಗಿಸಿರಬೇಕು, ಅಷ್ಟೆ. ಇತಿಹಾಸವನ್ನು ಆರಿಸಿದವರಿಗೂ ಈ ಹೊರೆ ತಪ್ಪಿದ್ದಲ್ಲ. 2015ರಿಂದ ಅಲ್ಲಿನ ಪ್ರವೇಶ ಪರೀಕ್ಷೆಯಲ್ಲಿ ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳೂ ಸೇರಿವೆ.

ಅತುಲ್ ಗವಾಂಡೆ ಎಂಬ ಶಸ್ತ್ರವೈದ್ಯರನ್ನು ನೋಡಿ. ಇವರು ಜೀವಶಾಸ್ತ್ರದೊಡನೆ ರಾಜ್ಯಶಾಸ್ತ್ರವನ್ನು ಓದಿದರು. ಆಕ್ಸ್‌ಫರ್ಡಿನಲ್ಲಿ ತತ್ತ್ವಶಾಸ್ತ್ರ, ರಾಜನೀತಿ, ಅರ್ಥಶಾಸ್ತ್ರಗಳನ್ನು ಅಭ್ಯಸಿಸಿದರು. 1995ರಲ್ಲಿ ವೈದ್ಯಪದವಿ ಪಡೆದು, 1999ರಲ್ಲಿ ಸಾರ್ವಜನಿಕ ಆರೋಗ್ಯದಲ್ಲಿ ಇನ್ನೊಂದು ಪದವಿ ಗಳಿಸಿದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಗಾಗಿ ಇವರ ನೇತೃತ್ವದಲ್ಲಿ, ಶಸ್ತ್ರಚಿಕಿತ್ಸೆಯ ವೇಳೆ ಪರಿಶೀಲಿಸಬೇಕಾದ 19 ಅಂಶಗಳ ಪಟ್ಟಿಯೊಂದು ಸಿದ್ಧವಾಯಿತು. ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಪ್ರಯೋಗಿಸಿ ನೋಡಿದಾಗ ಮರಣಗಳು ಶೇಕಡ 1.5ರಿಂದ 0.8ಕ್ಕೆ ಇಳಿದುವೆಂದು 2009ರಲ್ಲಿ ಪ್ರಕಟವಾಯಿತು. ಒಬ್ಬ ರೋಗಿಯನ್ನು ನೋಡುವ ಕಣ್ಣು ಒಂದು, ಸಾವಿರ ರೋಗಿಗಳನ್ನು ಒಟ್ಟಿಗೆ ನೋಡುವ ಕಣ್ಣು ಇನ್ನೊಂದು. ಎರಡೂ ಕೂಡಿದಲ್ಲಿ ಇಂಥ ಕಾರ್ಯ ಸಾಧ್ಯ.

ಹಾಗೆಂದು ಪದವಿಗಳನ್ನು ಒಡವೆಗಳಂತೆ ಕೂಡಿಸುವುದು ತರವಲ್ಲ. ಅಲ್ಲಿ ಶಿಕ್ಷಣದ ವೆಚ್ಚ ಅಪಾರ. ಸಾಲದ ಭಾರ ಬಹುಕಾಲ ಬಿಡದು. ಎರಡನೆಯ ಪದವಿ, ಮನಸ್ಸಿನಲ್ಲಿ ಪ್ರಶ್ನೆಯೊಂದು ಹುಟ್ಟಿದ ಮೇಲೆ ಬರಬೇಕು. ಅರ್ಜಿಗೆ ಅಲಂಕಾರವಾಗಿ ಅಲ್ಲ. ಮೊದಲನೆಯ ಪದವಿಯಾದರೋ ತನ್ನ ಕಾಲಮೇಲೆ ತಾನು ನಿಲ್ಲುವಂಥದಾಗಿರಬೇಕು. ಏಕೆಂದರೆ ಅಲ್ಲಿ ಅರ್ಜಿ ಸಲ್ಲಿಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ವರ್ಷ ಸ್ಥಳ ದೊರೆಯುವುದಿಲ್ಲ.

ನಮ್ಮ ಮಾತನ್ನು ಹಿಂದಕ್ಕೆ ಪಡೆದು ಸ್ನೇಹಿತರಿಗೆ ಕಾಗದ ಬರೆದೆವು. ಹುಡುಗಿ ಇತಿಹಾಸವನ್ನೇ ಆರಿಸಿದಳು. ರಸಾಯನಶಾಸ್ತ್ರದ ಪ್ರಯೋಗಶಾಲೆಗೂ ತಪ್ಪದೆ ಹೋಗುತ್ತಿರುವಳಂತೆ. ಅವಳು ವೈದ್ಯಳಾಗಲಿ ಎಂಬುದೇ ನಮ್ಮ ಹಾರೈಕೆ. ಆಗದೆ ಹೋದರೂ, ಆ ನಾಲ್ಕು ವರ್ಷಗಳು ಯಾತಕ್ಕಾದುವೆಂದು ಅವಳು ಕೇಳಬೇಕಾಗಿ ಬಾರದು.